ಹೂಂಗುಟ್ಟುತ್ತ ದಾಟಿದ ಗುಡ್ಡ

ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಎಲ್ಲೋ ದಾರಿ ನಡೆಯುತ್ತಿರುವ ಸೋದರಮಾವ ದಾರಿ ತಪ್ಪುತ್ತಾನೆ. ಇದು ಸುಶೀಲಾಬಾಯಿಯ ಮೊದಲ ಶಾಸನ. ಲಂಡನ್ನಿನ ಕ್ವೀನ್ಸ್‌ಬರಿಯ ಆ ಮನೆಯಲ್ಲಿ ಮೊಮ್ಮಗಳು ಸ್ಫೂರ್ತಿ ಎಷ್ಟೇ ಗೋಗರೆದರೂ ದೀಪ ಹಚ್ಚುವ ತನಕ ಆಯಿಯ ಬಾಯಿಂದ ಒಬ್ಬ ಅರಸನೂ ಹೊರಬೀಳುತ್ತಿರಲಿಲ್ಲ. ಎರಡನೆಯ ಶಾಸನ, ಕೇಳುವವರು ಹೂಂ ಅನ್ನುತ್ತಿರಬೇಕು. ಹೂಂ ನಿಂತಿತೋ, ಅರಸನ ಮಗ ಬಾವಿಯ ನಡುವೆ ಹಗ್ಗಕ್ಕೆ ನೇತಾಡುತ್ತಿದ್ದರೂ ಸರಿಯೆ, ಆಯಿ ಮಗ್ಗುಲಾಗಿ ಮಲಗಿಬಿಡುವಳು.

ಆ ಸೋದರಮಾವ ಈಗ ನಿಜಕ್ಕೂ ದಾರಿಯ ಮೇಲಿದ್ದ. ಸುಶೀಲಾಬಾಯಿಯ ಒಬ್ಬನೇ ಮಗ ಅಡಿವೆಪ್ಪ, ವೇಲ್ಸಿನ ಗಡಿಯಲ್ಲಿ ಉದ್ದಕ್ಕೆ ಚಾಚಿಕೊಂಡ ಗುಡ್ಡದ ಬೆನ್ನಿನ ಮೇಲೆ, ಸೋದರಸೊಸೆ ಸ್ಫೂರ್ತಿಯ ಹಿಂದೆ ಹೆಜ್ಜೆಯಿಡುತ್ತಿದ್ದ.

ವರ್ಷಗಟ್ಟಲೆ ಸೌತ್‌ಹಾಲಿನ ಗೋದಾಮಿನಿಂದ ಅಕ್ಕಿಬೇಳೆಯ ವ್ಯಾನನ್ನು ಹೆರೆಫರ್ಡ್ ಕಡೆಗೆ ಓಡಿಸಿದವನು ಅವನು. ರಸ್ತೆಯಿಂದ ಈ ಗುಡ್ಡ ಕೆರೆಯಿಂದೆದ್ದು ಬಂದು ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಒಂದು ದಿನ ಇದರ ಬಾಲದಿಂದ ಕೊಂಬಿನವರೆಗೆ ನಡೆಯಬೇಕು ಎಂದು ಸ್ಟೇರಿಂಗಿಗೆ ಹೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಕಣ್ಣಿನ ನರ ಒಣಗತೊಡಗಿತು, ಲೈಸೆನ್ಸು ಹೋಯಿತು. ಈಗ ಲೋಕ ಅವನಿಗೆ ಊದುಗೊಳವೆಯೊಳಗಿಂದ ಇಣುಕಿದಷ್ಟೇ. ಕೌನ್ಸಿಲ್‌ನವರು ಮಡಚುವ ಬಿಳಿ ಕೋಲೊಂದನ್ನು ಕೊಟ್ಟರು. ಅವನು ಅದನ್ನು ಬೂಟಿನ ಸ್ಟ್ಯಾಂಡಿನ ಹಿಂದೆ ತುರುಕಿದ. ಹೆಂಡತಿ ವಿಶಾಲಾಕ್ಷಿ ಅವನನ್ನು ಮೂಲೆಯಂಗಡಿಗೂ ಒಬ್ಬನೇ ಬಿಡದಾದಳು.

ಹೋದ ವಾರ ಊಟಕ್ಕೆ ಕೂತಾಗ ಅವನು ತಟ್ಟೆ ಸರಿಸಿದ್ದ. "ಗುಡ್ಡ ಪೂರ್ತಿ ದಾಟಿದೆ ಅಂದ್ರ ಸೋಮವಾರದಿಂದ ಸಂತಿಗೆ ನಾನ ಒಬ್ಬಾಂವ ಹೋಗಾಂವ. ಅರ್ಧಕ್ಕ ಹೊಳ್ಳಿದೆ ಅಂದ್ರ ಕಿಡಕಿ ಮುಂದ ಕುಂಡರ್ತೀನಿ, ತುಟಿ ಪಿಟ್ ಅನ್ನೂದಿಲ್ಲ."

"ದೇವರ ಮುಂದ ಹೇಳ್ರಿ," ಎಂದಳು ವಿಶಾಲಾಕ್ಷಿ.

ಅವನು ಎದ್ದು ಹೋಗಿ ಕೈತೊಳೆದು ದೇವರ ಮುಂದೆ ಹೇಳಿ ಬಂದ. ವಿಶಾಲಾಕ್ಷಿ ಸ್ಫೂರ್ತಿಯ ಕಡೆ ತಿರುಗಿದಳು. "ನಿನ್ನ ಕೈಯಾಗ ಕೊಡಾಕತ್ತೀನಿ ನೋಡ ತಂಗಿ. ಹೆಂಗ ಒಯ್ತಿ, ಹಂಗ ತಂದ ಒಪ್ಪಸಬೇಕು."

"ಮಾಮಾ ಏನು ಪಾರ್ಸಲ್ಲಾ ಅತ್ತಿ?" ಎಂದು ನಕ್ಕಿದ್ದಳು ಸ್ಫೂರ್ತಿ.

ಈಗ ನಗು ಬರುತ್ತಿರಲಿಲ್ಲ. ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದ ಆಕಾಶ, ಬಂಡೆಯ ಮರೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಏಳುವಷ್ಟರಲ್ಲಿ ಕೆಳಗಿಳಿದು ಗುಡ್ಡದ ಮೇಲೆಯೇ ಕುಳಿತಿತ್ತು. ಎಡಬಲದ ಕಣಿವೆಗಳು ಅಳಿಸಿಹೋದವು. ಉಳಿದದ್ದು ಜವುಗಿನ ಮೇಲೆ ಸಾಲಾಗಿ ಹಾಸಿದ ಚಪ್ಪಡಿಕಲ್ಲು, ಅದೂ ನಾಲ್ಕೈದು ಹೆಜ್ಜೆಯಷ್ಟು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

"ಮಾಮಾ, ಅದೀರಿಲ್ಲೋ? ನನಗೂ ಏನೂ ಕಾಣವಲ್ದು."

"ಬಾರವಾ, ನಮ್ಮ ಮನಿಗೆ ಬಾ. ಇವತ್ತ ನಿನಗೂ ನನ್ನ ಕಣ್ಣ ಬಂದ್ವು."

ಹಿಂತಿರುಗಿ ನೋಡುತ್ತ ನಡೆದರೆ ಕಾಲು ಜಾರುತ್ತಿತ್ತು. ನೋಡದಿದ್ದರೆ ಎದೆ ಜಾರುತ್ತಿತ್ತು. ಸ್ಫೂರ್ತಿ ಕೊನೆಗೆ ಅಂದಳು, "ಕಥಿ ಹೇಳ್ತೀನಿ. ನೀವು ಹೂಂ ಅಂತ ಬರ್ರಿ. ಹೂಂ ಕೇಳಿದ್ರ ನೀವು ಹಿಂದ ಅದೀರಿ ಅಂತ ಗೊತ್ತಾಕ್ಕೈತಿ."

"ಹಗಲಾಗ? ಮಾಮಾ ದಾರಿ ತಪ್ಪತಾನಲ್ಲ!"

"ತಪ್ಪೂ ಮಾಮಾ ನನ್ನ ಬೆನ್ನಿಗೇ ಇದ್ದಾನ. ಹೆಂಗ ತಪ್ಪತಾನ ನೋಡೇಬಿಡೂಣು."

ಆಯಿಯ ಮೊದಲ ಶಾಸನವನ್ನು ಹೀಗೆ ಮುರಿದು ಅವಳು ಶುರುಮಾಡಿದಳು. ಒಂದೂರು. ಹೂಂ. ಆ ಊರಿನ ಒಲೆಗಳೆಲ್ಲ ಒಂದೇ ರಾತ್ರಿ ಆರಿಹೋದವು. ಹೂಂ. ಏಳು ಗುಡ್ಡದಾಚೆ ಮಂಜಿನ ಮುದುಕಿಯ ಮನೆಯಲ್ಲಷ್ಟೇ ಕೆಂಡವಿದೆ. ಒಂದು ಮನೆಯ ಏಳು ಸೊಸೆಯರಲ್ಲಿ ಕಿರಿಯವಳು ಒಡೆದ ಗಡಿಗೆಯ ಚೂರು ಹಿಡಿದು ಕೆಂಡ ತರಲು ಹೊರಟಳು. ಹೂಂ.

ಹೇಳುತ್ತ ಹೇಳುತ್ತ ಸ್ಫೂರ್ತಿಗೆ ಕಿರಿಸೊಸೆ ಕಾಣಿಸತೊಡಗಿದಳು. ಮಂಜಿನಲ್ಲಿ ಅವಳ ಹಸಿರು ಸೀರೆಯ ಸೆರಗು, ಹಿಮ್ಮಡಿಯ ಬಿರುಕು, ಬುತ್ತಿಯ ಗಂಟು. ಮೊದಲ ಗುಡ್ಡದ ನಾಯಿಗೆ ಒಂದು ರೊಟ್ಟಿ, ಎರಡನೆಯ ಗುಡ್ಡದ ಕಾಗೆಗೆ ಒಂದು ರೊಟ್ಟಿ. ಚಿಕ್ಕಂದಿನಲ್ಲಿ ಹೊದಿಕೆಯೊಳಗೆ ಹಿಂಬಾಲಿಸಿದಂತೆಯೇ ಈಗಲೂ ಅವಳನ್ನು ಹಿಂಬಾಲಿಸಿದಳು. ಐದನೆಯ ಗುಡ್ಡ ಹತ್ತುವಾಗ ಪಾದದಡಿ ಕಲ್ಲಿಲ್ಲ ಎಂಬುದು ತಿಳಿಯಿತು. ಹೂಂ ಕೇಳಿ ಎಷ್ಟು ಹೊತ್ತಾಯಿತು?

"ಐದನೇ ಗುಡ್ಡ ಬಂತು," ಎಂದಳು ಗಟ್ಟಿಯಾಗಿ. ಗಾಳಿ ಮಾತ್ರ ಗುಂಯ್ ಎಂದಿತು. ಮುಂದಿಟ್ಟ ಕಾಲು ಕಪ್ಪು ಕೆಸರಿನಲ್ಲಿ ಮೊಣಕಾಲಿನ ತನಕ ಇಳಿಯಿತು. ಅತ್ತೆಗೆ ಏನು ಹೇಳುವುದು ಎಂಬ ಒಂದೇ ಯೋಚನೆ ತಲೆಯಲ್ಲಿ ಬಡಿಯತೊಡಗಿತು. ಮತ್ತೆ ಕೂಗಿದಳು, "ಐದನೇ ಗುಡ್ಡ ಬಂತೂ!"

ದೂರದಲ್ಲಿ, ಎಡಕ್ಕೆ, ಟಕ್ ಟಕ್ ಎಂದು ಕಲ್ಲಿಗೆ ಏನೋ ಬಡಿದ ಸದ್ದು. "ಹೂಂ ಅಂದ ಅಂದ ಗಂಟಲಾ ಹರೀತು! ಮುಂದಿದ್ದ ಕಥಿ ಬಲಕ್ಕ ಹ್ಯಾಂಗ ಹೋತು? ಈ ಸಪ್ಪಳಕ್ಕ ಬಾ ಯವ್ವಾ. ನಾ ಕಲ್ಲ ಬಿಟ್ಟ ಕದಲೂದಿಲ್ಲ."

ಅವಳು ಹುಲ್ಲು ಹಿಡಿದು ಕಾಲು ಕಿತ್ತುಕೊಂಡು ಸದ್ದಿನ ಕಡೆ ಹೋದಳು. ಅಡಿವೆಪ್ಪ ಚಪ್ಪಡಿಯ ಮೇಲೆ ಕಂಬದಂತೆ ನಿಂತಿದ್ದ. ಕೈಯಲ್ಲಿ ಬಿಳಿ ಕೋಲು.

"ಇದನ್ನ ತಂದೀರಿ?"

"ಬುತ್ತಿ ತಳಕ್ಕ ಇಟ್ಟಿದ್ದೆ. ನಿಮ್ಮತ್ತಿಗೆ ಹೇಳಬ್ಯಾಡ."

ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಮಾಮಾ, ಹೊಳ್ಳಿ ಹೋಗೂಣೇನ್ರಿ?"

ಅವನು ಕೋಲಿನ ತುದಿಯಿಂದ ಮುಂದಿನ ಕಲ್ಲು ಹುಡುಕಿದ. ಸಿಕ್ಕಿತು. "ಹಿಂದಕ್ಕೂ ಇಷ್ಟ ದೂರ, ಮುಂದಕ್ಕೂ ಇಷ್ಟ ದೂರ. ಹಿಂದ ಹೋದ್ರ ಕಿಡಕಿ ಸಿಗತೈತಿ, ಮುಂದ ಹೋದ್ರ ಸಂತಿ ಸಿಗತೈತಿ. ನೀ ನನ್ನ ಹಿಂದ ಬಾ. ಈಗ ಕಥಿ ನಂದು, ಹೂಂ ನಿಂದು."

ಹೀಗೆ ಅವನು ಮುಂದಾದ. ಕಲ್ಲಿದ್ದರೆ ಟಕ್, ಕೆಸರಾದರೆ ಪಚಕ್. ಚಪ್ಪಡಿ ಮುಗಿದ ಕಡೆ ಸ್ಫೂರ್ತಿ ಕೊರಳಿಗೆ ತೂಗುಹಾಕಿಕೊಂಡಿದ್ದ ದಿಕ್ಸೂಚಿ ನೋಡಿ "ತುಸು ಎಡಕ್ಕ, ಮಾಮಾ" ಎನ್ನುವಳು. ಅವನು ಜನ ತುಳಿದು ಗಟ್ಟಿಯಾದ ನೆಲವನ್ನು ಹುಡುಕುವನು. ಕಿರಿಸೊಸೆ ಏಳೂ ಗುಡ್ಡ ದಾಟಿದಳು, ಮಂಜಿನ ಮುದುಕಿಯ ಹೇನು ಹೆಕ್ಕಿ ಕೆಂಡ ಪಡೆದಳು, ಹೊಳ್ಳಿ ಹೊರಟಳು.

"ಊರ ಅಗಸಿ ಬಾಗಲದಾಗ ಬಂದ್ಲು. ಬಗ್ಗಿ ನೋಡ್ತಾಳ, ಕೆಂಡ ಆರಿ ಬೂದಿ ಆಗೇತಿ."

ಸ್ಫೂರ್ತಿ ಹೂಂ ಅನ್ನುವುದನ್ನೇ ಮರೆತಳು. "ಇಲ್ರೀ ಮಾಮಾ! ಕೆಂಡ ಆರೂದಿಲ್ಲ. ಅತ್ತಿ ಆರತಿ ಮಾಡಿ ಒಳಗ ಕರಕೋತಾಳ."

"ಅದು ನಿನ್ನ ಕಥಿ. ಲಂಡನ್ ಮೊಮ್ಮಗಳಂತ ನಮ್ಮವ್ವಗ ಕರುಣಾ ಬಂದಿರಬೇಕು. ನನಗ ಹೇಳುವಾಗ ಕೆಂಡ ಆರತಿತ್ತು."

"ಆಮ್ಯಾಲೆ?"

"ಆಮ್ಯಾಲೇನು? ಬೂದಿ ಚೆಲ್ಲಿದ್ಲು, ಸೆರಗ ಬಿಗದ್ಲು, ಮತ್ತ ಮೊದಲನೇ ಗುಡ್ಡ ಹತ್ತಿದ್ಲು. ಹೂಂ ಅನ್ನು."

"ಹೂಂ," ಎಂದಳು ಸ್ಫೂರ್ತಿ. ಒದ್ದೆ ಬೂಟಿನ ಲೇಸನ್ನು ಬಿಗಿದು ಕಟ್ಟಿಕೊಂಡಳು.

ಸಂಜೆಯ ಹೊತ್ತಿಗೆ ನೆಲ ಮುಗ್ಗರಿಸಿದ ಹಾಗೆ ಕೆಳಗಿಳಿಯಿತು. ನಾಲ್ಕು ಮಾರು ಇಳಿದದ್ದೇ ಮೋಡ ತಲೆಯ ಮೇಲೆ ಉಳಿಯಿತು. ಕೆಳಗೆ ‘ಹೇ’ ಎಂಬ ಊರಿನ ಚಾವಣಿಗಳು, ಹೊಳೆಯ ತುಂಡು. ಅಡಿವೆಪ್ಪ ಕತ್ತನ್ನು ಮೆಲ್ಲಗೆ ಹೊರಳಿಸುತ್ತ ಊದುಗೊಳವೆಯಲ್ಲಿ ಒಂದೊಂದೇ ಚೂರನ್ನು ನೋಡಿ ಮುಗಿಸಿದ. ಆಮೇಲೆ ತಿರುಗಿ, ಕಾಣದ ಗುಡ್ಡದ ಕಡೆ ಕೋಲು ತೋರಿಸಿ ಅಂದ, "ಎಮ್ಮಿ ಗಟ್ಟಿ ಐತಿ."

ಊರಿನಲ್ಲೂ ಸಿಗ್ನಲ್ ಸಿಗದೆ, ಫೋನ್ ಬೂತಿನಲ್ಲಿ ಇಬ್ಬರೂ ಒಂದೇ ರಿಸೀವರಿಗೆ ಕಿವಿಯಿಟ್ಟರು.

"ದಾಟೀನಿ. ಸೋಮವಾರ ಸಂತಿಗೆ ನಾನ ಹೋಗಾಂವ," ಎಂದ ಅಡಿವೆಪ್ಪ.

ಆ ಕಡೆ ವಿಶಾಲಾಕ್ಷಿ ಮೂಗು ಒರೆಸಿಕೊಂಡ ಸದ್ದು. "ಬೂಟಿನ ಸ್ಟ್ಯಾಂಡ್ ಹಿಂದ ನೋಡೀನಿ ನಾ. ಕೋಲು ಇಲ್ಲ. ಸಂತಿಗೂ ಅದನ್ನ ಹಿಡಕೊಂಡ ಹೋಗೂದಾದ್ರ ಹೋಗ್ರಿ. ಬರೇ ಕೊತ್ತಂಬರಿ ತಂದ್ರ ನಡಿಯೂದಿಲ್ಲ. ಉಳ್ಳಾಗಡ್ಡಿ ಮುಗದಾವು, ಒಂದ ಚೀಲ ತರ್ರಿ."

ಹಿಂದೆ ಆಯಿಯ ದನಿ ಬಂತು. "ಹಗಲಾಗ ಕಥಿ ಹೇಳಿದ್ರೇನ ಅಲ್ಲಿ? ಬೆಳಿಗ್ಗಿಂದ ನನ್ನ ಕಣ್ಣ ಹಾರಾಕತ್ತೈತಿ."

"ಹೇಳಿದ್ವಿ ಆಯಿ. ದಾರಿ ತಪ್ಪಿದಾಕಿ ನಾನು, ಮಾಮಾ ಅಲ್ಲ. ಕೆಂಡ ಆರಿದ್ದು ನನಗ್ಯಾಕ ಹೇಳಲಿಲ್ಲ ನೀ?"

ಸುಶೀಲಾಬಾಯಿ ರಿಸೀವರನ್ನು ಕಸಿದುಕೊಂಡಿರಬೇಕು, ದನಿ ಹತ್ತಿರವಾಯಿತು.

"ಫೋನ್ ಇಡು. ಇನ್ನಾ ಹೊತ್ತ ಮುಣಗಿಲ್ಲ."