ಕೊನೆಯ ಮೆಸೇಜು

“ಮಿಷನ್ ನನ್ನ ಹೊಲದ ಬದುವಿನ ತನಕ ಬಂದು ತಿರುಗಿ ಹೋತವ್ವಾ!” ತುರ್ವಿಹಾಳದಿಂದ ಪಾರ್ವತೆಮ್ಮ ಫೋನಿನಲ್ಲಿ ಕೂಗಿದಳು. “ಮುಗಿಲು ಕರ್ರಗಾಗೈತಿ. ನೆಲ್ಲು ನೆಲಕ್ಕ ಬಿದ್ರ ಮೊಳಕಿ ಒಡೀತೈತಿ. ನಿಮ್ಮ ಡ್ರೈವರ್ ಆಸೀಮನ್ನ ಕೇಳಿದ್ರ, ಮಸ್ಕಿಗೆ ಹೋಗಂತ ಆಫೀಸಿಂದ ಮೆಸೇಜ್ ಬಂತಂದ!”

ಸಿಂಧನೂರಿನಲ್ಲಿ, ಭತ್ತ ಕೊಯ್ಯುವ ಮಿಷನ್ನಿನ ಬಾಡಿಗೆ ಆಫೀಸಿನಲ್ಲಿ ಕೂತಿದ್ದ ಭುವನೇಶ್ವರಿ ಥಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಮಸ್ಕಿಗೆ ಹೋಗೆಂದು ಅವಳು ಹೇಳಿಯೇ ಇರಲಿಲ್ಲ.

“ಮಸ್ಕಿಯವ್ರು ಯಾರೋ ಅವನ ಕೈ ಬೆಚ್ಚಗ ಮಾಡ್ಯಾರ,” ಎಂದು ಮಿಷನ್ನಿನ ಮಾಲೀಕ, ಅವಳ ಕಾಕಾ ದೊಡ್ಡಬಸಪ್ಪ ಗುಡುಗಿದ. “ಬರ್ಲಿ, ಚಾವಿ ಕಸ್ಗೊಂತೀನಿ. ಫೋನ್ ಹಚ್ಚು ಅವಗ.”

“ಹಚ್ಚಿದ್ರ ಎತ್ತತಾನೇನ್ರಿ? ನೀವ ಹಾಕಿದ ರೂಲು.”

ಅದು ನಿಜ. ದಾರಿಯಲ್ಲಿ ರೈತರು ಫೋನು ಮಾಡಿ ಮಿಷನ್ನನ್ನು ತಮ್ಮ ಹೊಲಕ್ಕೆ ಎಳೆಯುತ್ತಾರೆಂದು ದೊಡ್ಡಬಸಪ್ಪ ಕಟ್ಟಪ್ಪಣೆ ಮಾಡಿದ್ದ. ಗಾಡಿಯ ಮೇಲಿದ್ದಾಗ ಯಾರ ಫೋನೂ ಎತ್ತಬಾರದು; ಆಫೀಸಿನ ಕೊನೆಯ ಮೆಸೇಜು ಎಲ್ಲಿಗೆ ಅನ್ನುತ್ತದೋ ಅಲ್ಲಿಗೆ ಹೋಗಬೇಕು.

ಆ ಮೆಸೇಜಿನ ಏರ್ಪಾಡು ಭುವನೇಶ್ವರಿಯದು. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿತು ಬಂದವಳು ಅದರಲ್ಲೇ ಊರುಗಳ ಪಟ್ಟಿಯ ಫಾರಂ ಮಾಡಿ, ಅದರ ಹೊಟ್ಟೆಯೊಳಗೆ ಆಯಾ ಊರಿನ ರೈತರ ಫಾರಂ ಕೂರಿಸಿದ್ದಳು. ಯಾವ ರೈತನ ಹೆಸರಿನ ಮೇಲೆ ಕರ್ಸರ್ ನಿಂತರೂ ಆಸೀಮನಿಗೆ ತಾನಾಗಿ ಮೆಸೇಜು ಹೋಗುತ್ತಿತ್ತು. ಒಂದು ಬಟನ್ ಒತ್ತುವ ಕೆಲಸ ತಪ್ಪಿತೆಂದು ಆಗ ಹಿಗ್ಗಿದ್ದಳು.

ಈಗ ನೆನಪಾಯಿತು. ಪಾರ್ವತೆಮ್ಮನ ಹೆಸರು ಒತ್ತಿದ ಮೇಲೆ, ಮುಂದಿನ ಸರದಿ ಯಾರದೆಂದು ಮಸ್ಕಿಯನ್ನು ತೆರೆದು ನೋಡಿದ್ದಳು. ಬರೀ ನೋಡಿದ್ದಳು.

ಪರೀಕ್ಷಿಸಲೆಂದು ಫಾರಂನಲ್ಲಿ ಆಸೀಮನ ನಂಬರ್ ಅಳಿಸಿ ತನ್ನ ನಂಬರ್ ಹಾಕಿದಳು. ಮಸ್ಕಿ ತೆರೆದಳು. ಯಾರ ಹೆಸರನ್ನೂ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಅವಳ ಫೋನು ಗುರ್ರೆಂದಿತು: ‘ಮಸ್ಕಿ, ಶಿವಕಾಂತನ ಹೊಲ.’ ಮರುಗಳಿಗೆ ಮತ್ತೆ ಗುರ್ರೆಂದಿತು, ಅದೇ ಮಾತು.

“ಆಸೀಮಂದು ತಪ್ಪಿಲ್ಲ ಕಾಕಾ. ಊರು ತೆರೆದ್ರ ಸಾಕು, ಒಳಗಿನ ಫಾರಂ ತಾನ ಮೊದಲ್ನೇ ಹೆಸರಿನ ಮ್ಯಾಲ ಹೋಗಿ ಕುಂದರತೈತಿ. ಅದೂ ಎರಡೆರಡು ಸಲ.”

ಆಸೀಮನ ನಂಬರ್ ಮರಳಿ ಹಾಕಿ, ತುರ್ವಿಹಾಳ ತೆರೆದು, ಪಾರ್ವತೆಮ್ಮನ ಹೆಸರು ಒತ್ತಿದಳು. “ಇನ್ನ ಮೌಸ್ ಮುಟ್ಟಬ್ಯಾಡ್ರಿ. ಮುಂದಿನ ಪಾಳಿ ಯಾರ್ದು ಅಂತನೂ ನೋಡಬ್ಯಾಡ್ರಿ.”

ಫಾರಂ ಮುಚ್ಚಿ ಅದರ ಒಳಗಿನ ಕೋಡನ್ನು ತಿದ್ದತೊಡಗಿದಳು. ಕರ್ಸರ್ ಹೆಸರಿನ ಮೇಲೆ ನಿಂತರೆ ಸುಮ್ಮನಿರಬೇಕು. ‘ಕಳಿಸು’ ಎಂಬ ಬಟನ್ ಒತ್ತಿದರೆ ಮಾತ್ರ ಹೋಗಬೇಕು. ಅದೇ ಹೆಸರನ್ನು ಮತ್ತೆ ಒತ್ತಿದರೆ ಹೋಗಬಾರದು. ಎರಡು ಕಡೆ ತಪ್ಪಿ, ಮತ್ತೆ ಬರೆದಳು. ಕಿಟಕಿಯಾಚೆ ಗಾಳಿ ಎದ್ದಿತ್ತು. ಉಳಿಸಿ ಫಾರಂ ಮತ್ತೆ ತೆರೆಯುವಷ್ಟರಲ್ಲಿ ಪಾರ್ವತೆಮ್ಮನ ಫೋನು ಬಂತು. ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು.

“ಬಂತವ್ವಾ, ಬದುವಿನ್ಯಾಗ ಇಳಿಯಾಕತ್ತೈತಿ!”

ಅದೇ ಹೊತ್ತಿಗೆ ದೊಡ್ಡಬಸಪ್ಪನ ಫೋನೂ ಹೊಡೆದುಕೊಂಡಿತು. “ಶಿವಕಾಂತಾ? ತಡಿಯಪಾ, ನಿನ್ನ ಪಾಳಿ ನೋಡಿ ಹೇಳ್ತೀನಿ,” ಅನ್ನುತ್ತಲೇ ರೂಢಿಯಂತೆ ಕೈ ಚಾಚಿ ಮಸ್ಕಿ ತೆರೆದುಬಿಟ್ಟ.

“ಕಾಕಾ!”

ತಿದ್ದಿದ್ದನ್ನು ಅವಳಿನ್ನೂ ಪರೀಕ್ಷಿಸಿರಲಿಲ್ಲ. ಪಾರ್ವತೆಮ್ಮನ ಫೋನಿನಲ್ಲಿ ಮಿಷನ್ನಿನ ಸದ್ದು ಇಳಿಯಿತು.

“ನಿಂತಬಿಡ್ತಲ್ಲವ್ವಾ!” ಪಾರ್ವತೆಮ್ಮನ ದನಿ ಒಡೆಯಿತು.

ದೊಡ್ಡಬಸಪ್ಪನ ಕೈ ಮೌಸಿನ ಮೇಲೇ ಕಲ್ಲಾಗಿತ್ತು. ಭುವನೇಶ್ವರಿ ಫೋನನ್ನು ಕಿವಿಗೊತ್ತಿಕೊಂಡಳು.

“ಏ, ಇಲ್ಲ ಇಲ್ಲ… ಕತ್ತಿ ಇಳಿಸಾಕ ನಿಂತಿದ್ದ. ಹೊಡದ! ಮೊದಲ್ನೇ ಸಾಲು ಹೊಡದ!”

ಸದ್ದು ಫೋನು ತುಂಬಿ ಮೊರೆಯಿತು. ದೊಡ್ಡಬಸಪ್ಪ ಮೆಲ್ಲಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

“ಶಿವಕಾಂತಗ ನಾಳಿ ಅನ್ನು ಬೇ,” ಎಂದು ತನ್ನ ಫೋನನ್ನು ಅವಳ ಕೈಗಿತ್ತ. ಆಮೇಲೆ, “ಆಸೀಮಗ ರಾತ್ರಿ ಊಟಕ್ಕ ನಮ್ಮನಿಗೆ ಬಾ ಅಂತ ಹೇಳು. ಮೆಸೇಜ್‌ನ್ಯಾಗ ಬ್ಯಾಡ. ಬಂದ ಮ್ಯಾಲ, ಬಾಯಾಗ ಹೇಳು.”