ತಿಮ್ಮರಾಯಪ್ಪನವರ ಟಿ.ವಿ.

ಟಿ.ವಿ.ಯೊಂದನ್ನು ಹಡಗಿಗೆ ಹಾಕಬೇಕೋ, ಹೋದ ಊರಿನಲ್ಲೇ ಹೊಸದು ಕೊಳ್ಳಬೇಕೋ ಎಂಬಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದಕ್ಕಿಂತ ದೊಡ್ಡ ದುಃಖಗಳು ತಿಲಕ್ ನಗರದ ಅದೇ ಬೀದಿಯಲ್ಲಿ ಇದ್ದೇ ಇರುತ್ತವೆ. ಅವನ್ನು ಹೇಳುವ ಶಕ್ತಿ ಇದ್ದವರು ಹೇಳಲಿ. ಇದು ಇಷ್ಟೇ.

ಶಶಿಧರ್ ಟೇಪು ಹಿಡಿದು ಟಿ.ವಿ.ಯ ಅಗಲ ಅಳೆಯುತ್ತಿದ್ದ. ಬೆಳಿಗ್ಗೆ ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದ. ನೆಲದ ತುಂಬ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳು. ಅವುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಮೆಣಸಿನಪುಡಿಯ ಪೊಟ್ಟಣಗಳಿಗೆ ಎರಡೆರಡು ಕವರು ಸುತ್ತುತ್ತಿದ್ದ ಶ್ವೇತಾ ತಲೆಯೆತ್ತದೆ ಹೇಳಿದಳು.

"ರೀ, ಅಳೀತಾ ಇದ್ರೆ ಚಿಕ್ಕದಾಗಲ್ಲ ಅದು."

"ಮರದ ಪೆಟ್ಟಿಗೆ ಮಾಡಿಸ್ಬೇಕಂತೆ. ಅದಕ್ಕೆ ನೋಡ್ತಿದೀನಿ."

"ಪ್ಯಾಕರ್ಸ್‌ನೋರೇ ಬೇಡ ಅಂದ್ರಲ್ಲ. ಎಲ್ರೂ ಅಲ್ಲೇ ತಗೋತಾರೆ ಅಂದ್ರಲ್ಲ."

"ಕರೆಂಟು ನಮ್ಮದೇ ಥರ ಶ್ವೇತಾ. ಪ್ಲಗ್ ಒಂದು ಬದಲಾಯಿಸಿದ್ರೆ ಆಯ್ತು."

ಅವಳು ಇನ್ನೊಂದು ಪೊಟ್ಟಣ ಕೈಗೆತ್ತಿಕೊಂಡಳು. ಐರ್ಲೆಂಡಿನ ಲಿಮರಿಕ್ ಎಂಬ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಜಯನಗರದ ನರ್ಸಿಂಗ್ ಹೋಮಿನಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂದು ಸವೆದವಳು ಮನೆಯಲ್ಲಿ ಕೂತು ಇಂಗ್ಲಿಷ್ ಪರೀಕ್ಷೆಗೆ ಓದಿ ಪಾಸು ಮಾಡಿದ್ದಳು. ಹೋಗುವವಳು ಅವಳು; ಶಶಿಧರ್ ಮತ್ತು ಆರನೇ ಕ್ಲಾಸಿನ ರಮ್ಯ ಅವಳ ಹಿಂದೆ ಹೋಗುವವರು. ಮೇನ್ ರೋಡಿನಲ್ಲಿದ್ದ ತನ್ನ ಸ್ಕೂಟರ್ ಬಿಡಿಭಾಗಗಳ ಅಂಗಡಿಯನ್ನು ಅವನು ಬೇರೆಯವರಿಗೆ ವಹಿಸಿಯಾಗಿತ್ತು. ಅದಕ್ಕೆ ಅವನು ಇಷ್ಟೊಂದು ಯೋಚಿಸಿರಲಿಲ್ಲ. ಬೀರು, ಮಂಚ, ಫ್ರಿಜ್ಜು, ತಾನೇ ಆಸೆಪಟ್ಟು ಕೊಂಡ ಬುಲೆಟ್ಟು, ಯಾವುದಕ್ಕೂ ಯೋಚಿಸಿರಲಿಲ್ಲ. ಟಿ.ವಿ.ಯ ಹತ್ತಿರ ಬಂದು ನಿಂತುಬಿಟ್ಟಿದ್ದ.

ಅದು ಅಪ್ಪನ ಟಿ.ವಿ.

ತಿಮ್ಮರಾಯಪ್ಪನವರಿಗೆ ತಲಘಟ್ಟಪುರದ ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋದಾಗ, ಆಸ್ಪತ್ರೆಗೆ ಹತ್ತಿರವೆಂದು ಶಶಿಧರ್ ಅವರನ್ನು ಇಲ್ಲಿಗೆ ಕರೆತಂದ. ಮಾತು ಹೋಗಿತ್ತು. ಹೊಲ ಹಿಂದೆಯೇ ಸೈಟುಗಳಾಗಿ ಹೋಗಿದ್ದರೂ ಅವರು ದಿನವಿಡೀ ನೋಡುತ್ತಿದ್ದದ್ದು ಬೆಳೆ, ಗೊಬ್ಬರ, ಹಸು ತೋರಿಸುವ ಒಂದೇ ಚಾನೆಲ್ಲು. ಕೈಗೆ ಹಿತ್ತಾಳೆಯ ಗಂಟೆ ಕೊಟ್ಟು ನೋಡಿದರು. ಎಸೆದುಬಿಟ್ಟರು. ದೇವರ ಮನೆಯ ಗಂಟೆ ಹಾಗೆ ಆಡಿಸುವುದು ಅವರಿಗೆ ಸರಿಬರಲಿಲ್ಲವೋ ಏನೋ. ಆಮೇಲೆ ತಾವೇ ಒಂದು ದಾರಿ ಕಂಡುಕೊಂಡರು. ಎಡಗೈಯಲ್ಲಿ ರಿಮೋಟು. ಸೌಂಡು ಎರಡು ಸಲ ಚುಟುಕಾಗಿ ಏರಿಸಿದರೆ ನೀರು. ಒಮ್ಮೆಲೇ ಪೂರ್ತಿ ಏರಿಸಿದರೆ ಬೆಡ್‌ಪ್ಯಾನ್, ತಕ್ಷಣ ಬರಬೇಕು. ಪೂರ್ತಿ ಬಾಯಿ ಮುಚ್ಚಿಸಿಬಿಟ್ಟರೆ, ಎಲ್ಲರೂ ಆಚೆ ಹೋಗಿ ಎಂದು. ಪಕ್ಕದ ಮನೆಯವರು ಮೊದಮೊದಲು ಜಗಳಕ್ಕೆ ಬಂದರು. ಆಮೇಲೆ ಅವರಿಗೂ ಅಭ್ಯಾಸವಾಗಿ, "ನಿಮ್ಮ ಮಾವ ನೀರು ಕೇಳ್ತಿದಾರೆ ನೋಡಮ್ಮ" ಎಂದು ಕಿಟಕಿಯಿಂದ ಕೂಗಿ ಹೇಳುವಷ್ಟಾಯಿತು.

ಕೊನೆಯ ದಿನಗಳಲ್ಲಿ ಮಾತ್ರ ಹೊಸದೊಂದು ಶುರುವಾಯಿತು. ಸಂಜೆಯ ಹೊತ್ತಿಗೆ ಸೌಂಡನ್ನು ಸೊನ್ನೆಗೆ ಇಳಿಸುತ್ತಿದ್ದರು. ನಂತರ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿಸುವ ಹಾಗೆ ಏರಿಸಿ, ಅರ್ಧಕ್ಕೆ ನಿಲ್ಲಿಸಿ, ಬಾಗಿಲ ಕಡೆ ನೋಡುತ್ತಿದ್ದರು. ಶ್ವೇತಾ ನೀರು ತರುವಳು, ತಲೆಯಾಡಿಸುವರು. ಕಿಟಕಿ ತೆಗೆಯುವಳು, ತಲೆಯಾಡಿಸುವರು. ಮಗ್ಗುಲು ಬದಲಾಯಿಸಿದರೂ ಇಲ್ಲ, ರಮ್ಯಳನ್ನು ಕರೆದು ಕೂರಿಸಿದರೂ ಇಲ್ಲ. ಬಂದವರ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಟಿ.ವಿ.ಗೆ ತಿರುಗಿಬಿಡುವರು. ಅದೇನೆಂದು ತಿಳಿಯುವ ಮೊದಲೇ ಹೋಗಿಬಿಟ್ಟರು.

ಹಾಸಿಗೆ, ದಿಂಬು, ಬಟ್ಟೆ ಎಲ್ಲ ಪದ್ಧತಿಯಂತೆ ಹೊರಗೆ ಹೋದವು. ಟಿ.ವಿ. ಉಳಿಯಿತು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟಾಗ ಶಶಿಧರ್‌ಗೆ ಅನ್ನಿಸಿದ್ದು, ಅಪ್ಪ ಬಂದರೆ ಫೋಟೋ ನೋಡಿ ಬರುವುದಿಲ್ಲ, ಈ ಚಾನೆಲ್ಲಿನ ಸೌಂಡು ಕೇಳಿ ಬರುತ್ತಾರೆ ಎಂದು. ಹಾಗಾಗಿ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ ಎಲ್ಲವನ್ನೂ ಟಿ.ವಿ.ಯ ಮುಂದೆ ಇಟ್ಟು, ಚಾನೆಲ್ ಹಾಕಿ, ಧೂಪ ತೋರಿಸಿ, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಎಳೆದುಕೊಂಡು ಎಲ್ಲರೂ ಹೊರಗೆ ಕೂತರು. ಬಾಗಿಲು ತೆಗೆದಾಗ ಹಸುವೂ ಇಲ್ಲ, ಗೊಬ್ಬರವೂ ಇಲ್ಲ. ಕಪ್ಪು ಪರದೆಯ ಮೇಲೆ, ದಯವಿಟ್ಟು ರೀಚಾರ್ಜ್ ಮಾಡಿ ಎಂಬ ಅಕ್ಷರಗಳು. ಅಷ್ಟು ಹೊತ್ತಿಗೆ ಸರಿಯಾಗಿ ಅವಧಿ ಮುಗಿದಿತ್ತು.

ಊರಿಂದ ಬಂದಿದ್ದ ಚಿಕ್ಕಪ್ಪನ ಮಗ ಕರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಏನ್ ಮಗಾ, ದೊಡ್ಡಪ್ಪನ್ನ ಊಟಕ್ಕೆ ಕರೆದು ಬಾಗ್ಲಲ್ಲೇ ದುಡ್ಡು ಕೇಳ್ದಂಗಾಯ್ತಲ್ಲೋ."

ಎಲ್ಲರೂ ನಕ್ಕಿದ್ದರು, ಶ್ವೇತಾ ಕೂಡ. ಶಶಿಧರ್ ನಕ್ಕಿರಲಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ರೀಚಾರ್ಜ್ ಮಾಡಿ, ಸಾರು ಮತ್ತೆ ಬಿಸಿ ಮಾಡಿಸಿ, ಎಡೆಯನ್ನು ಎರಡನೆಯ ಸಲ ಇಟ್ಟು ಬಾಗಿಲು ಮುಚ್ಚಿದ್ದ. ಅಪ್ಪ ಮೊದಲ ಸಲವೇ ಬಂದು, ಆ ಕಪ್ಪು ಪರದೆ ನೋಡಿ ವಾಪಸು ಹೋಗಿದ್ದರೆ? ಈ ಮಾತನ್ನು ಅವನು ಯಾರ ಹತ್ತಿರವೂ ಆಡಲಿಲ್ಲ. ಈಗ ಟೇಪು ಹಿಡಿದು ನಿಂತಾಗಲೂ ಅದೇ. ಲಿಮರಿಕ್ಕಿನಲ್ಲಿ ಎಡೆ ಇಡಬಹುದು, ಮುದ್ದೆಗೆ ರಾಗಿ ಹಿಟ್ಟೂ ಸಿಗುತ್ತದಂತೆ. ಆದರೆ ಸಮುದ್ರ ದಾಟಿ ಬಂದ ಅಪ್ಪ ಗೋಡೆಯ ಮೇಲೆ ಯಾವುದೋ ಹೊಸ ಟಿ.ವಿ. ನೋಡಿ, ಇದು ನಮ್ಮವರ ಮನೆಯಲ್ಲ ಎಂದುಕೊಂಡರೆ?

ಕರೆಪ್ಪನಿಗೆ ಫೋನು ಮಾಡಿ ಕೇಳಿದ್ದೂ ಆಗಿತ್ತು.

"ಎಡೆ ನಾನಿಡ್ತೀನಿ ಕಣೋ, ನೀನು ನಿಶ್ಚಿಂತೆಯಾಗಿ ಹೋಗು. ನಮ್ಮಪ್ಪನ ಎಲೆ ಪಕ್ಕ ಇನ್ನೊಂದೆಲೆ. ಟಿ.ವಿ. ಮಾತ್ರ ಬೇಡ. ಸತ್ತೋರು ನೋಡಿದ್ ಟಿ.ವಿ. ಅಂತಾಳೆ ನಿಮ್ಮತ್ತಿಗೆ."

"ಸತ್ತೋರು ಕಟ್ಟಿಸಿದ್ ಮನೇಲೇ ಇದೀರಲ್ಲಣ್ಣ."

"ಅದು ಬೇರೆ ಬಿಡು."

ಮನೆಯಲ್ಲಿ ದಿನವೂ ಇದೇ ಮಾತು. ಅಲ್ಲಿ ಇದಕ್ಕಿಂತ ದೊಡ್ಡದು ಸಿಗುತ್ತೆ ಎಂದು ರಮ್ಯ. ಹಡಗಿನಲ್ಲಿ ಒಡೆದರೆ ಏನು ಮಾಡುತ್ತೀರಿ ಎಂದು ಶ್ವೇತಾ. ಅವಳು ಜೋರಾಗಿ ಹೇಳುತ್ತಿರಲಿಲ್ಲ. ವಾರ್ಡಿನಲ್ಲಿ ಹಟ ಮಾಡುವ ರೋಗಿಗೆ ಹೇಳುವ ಹಾಗೆ, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳುತ್ತಿದ್ದಳು. ಅವಳಿಗೆ ಇದು ಬರೀ ಒಂದು ಸಾಮಾನು ಎಂದು ಶಶಿಧರ್‌ಗೆ ಒಳಗೊಳಗೇ ಬೇಸರ. ಎಷ್ಟಾದರೂ ಮಾವ, ಅಪ್ಪನಲ್ಲವಲ್ಲ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೆ ಆ ನಾಚಿಕೆಗೇ ಸೋತು, "ಸರಿ, ಮಾರಿಬಿಡೋಣ" ಅಂದ.

ಭಾನುವಾರ ಬಿಸಿಲೇರಿದ ಮೇಲೆ ಟಿ.ವಿ. ನೋಡಲು ಬಿ.ಟಿ.ಎಂ. ಲೇಔಟಿನಿಂದ ಒಬ್ಬರು ಬಂದರು. ಭಾಗ್ಯಜ್ಯೋತಿ ಎಂದು ಹೆಸರು. ಹುಡುಗಿಯರ ಪಿ.ಜಿ. ನಡೆಸುವವರು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಮಾತಿಗಿಳಿದರು.

"ಇದ್ದಿದ್ ಟಿ.ವಿ.ಗೆ ಒಬ್ಳು ಹೇರ್ ಡ್ರೈಯರ್ ಎಸೆದ್ಲು ಸಾರ್. ಇನ್ನೊಬ್ಳಿಗೆ ಎಸೆದಿದ್ದು, ಅವ್ಳು ಬಗ್ಗಿದ್ಲು. ಕ್ರಿಕೆಟ್ ಬೇಕು, ಸೀರಿಯಲ್ ಬೇಕು ಅಂತ ಜಗಳ. ನಾನು ಮಧ್ಯ ಹೋದ್ರೆ, ಆಂಟಿ ನಿಮಗ್ಯಾಕೆ ಅಂತಾರೆ."

ಶಶಿಧರ್‌ಗೆ ನಗು ಬಂತು. ಟಿ.ವಿ. ಹಾಕಿಕೊಟ್ಟ. ಪರದೆಯ ಮೇಲೆ ಮೋಡ ತುಂಬಿದ ಬಿಳಿ ಆಕಾಶವೊಂದು ಮೂಡಿತು. ಭಾಗ್ಯಜ್ಯೋತಿ ಕನ್ನಡಕ ಮೇಲೆ ಮಾಡಿ ಹತ್ತಿರ ಬಗ್ಗಿದರು.

"ಮೇಲ್ಗಡೆ ಚಾನೆಲ್ ಮಾರ್ಕು ಕೂತುಬಿಟ್ಟಿದೆಯಲ್ಲ ಸಾರ್. ಯಾರೋ ಒಂದೇ ನೋಡಿದಾರೆ. ಅದಿರ್ಲಿ ಬಿಡಿ. ಕೆಳಗಡೆ ಇದೇನಿದು ಗೆರೆ?"

ಶಶಿಧರ್ ಹತ್ತಿರ ಹೋದ. ಬಿಳಿಯ ಮೇಲೆ, ಪರದೆಯ ಅಡಿಯಲ್ಲಿ, ಬೆರಳಿನಷ್ಟು ಅಗಲದ ಒಂದು ಮಸುಕು ಪಟ್ಟಿ. ಇಷ್ಟು ವರ್ಷದಲ್ಲಿ ಅವನು ಅದನ್ನು ನೋಡಿರಲೇ ಇಲ್ಲ.

"ಗೊತ್ತಿಲ್ಲ ಮೇಡಂ," ಎಂದ.

"ಕೊಡಿ ಇಲ್ಲಿ." ಆಕೆ ಅವನ ಕೈಯಿಂದ ರಿಮೋಟು ತೆಗೆದುಕೊಂಡು ಸೌಂಡಿನ ಗುಂಡಿಯನ್ನು ಒತ್ತಿ ಹಿಡಿದರು. ಹಸಿರು ಪಟ್ಟಿ ಮೂಡಿತು. ಆ ಮಸುಕಿನ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂದು ಕೂತಿತು. "ನೋಡಿ, ಇದೇ. ಸೌಂಡ್ ಗೆರೆ ಸಾರ್. ಯಾವಾಗ್ಲೂ ಇದನ್ನೇ ಒತ್ತಿದಾರೆ ಪುಣ್ಯಾತ್ಮರು." ಪಟ್ಟಿ ಕಿರಿದಾಗುತ್ತ ಸೊನ್ನೆಗೆ ಇಳಿಯಿತು. ಮನೆ ಮೌನವಾಯಿತು. ನಂತರ ಸ್ಪೀಕರು ಸರಿಯಿದೆಯೋ ಎಂದು ಕಿವಿಗೊಟ್ಟು, ಅವರು ಒಂದೊಂದೇ ಏರಿಸುತ್ತ ಬಂದರು. ಅರ್ಧಕ್ಕೆ ನಿಲ್ಲಿಸಿದರು.

"ಬಂದೆ ಮಾವ, ಬಂದೆ."

ಅಡುಗೆಮನೆಯಿಂದ ಶ್ವೇತಾಳ ದನಿ. ಪಾತ್ರೆಯೊಂದು ಸಿಂಕಿನಲ್ಲಿ ಬಿದ್ದ ಸದ್ದು. ಚಪ್ಪಲಿಯಿಲ್ಲದ ಕಾಲುಗಳು ಓಡಿ ಬಂದದ್ದೂ ಕೇಳಿಸಿತು.

"ನಿಮ್ ತಂದೆಯವ್ರು ಒಳಗಿದಾರಾ? ಡಿಸ್ಟರ್ಬ್ ಆಯ್ತೇನೋ," ಎಂದರು ಭಾಗ್ಯಜ್ಯೋತಿ ಮೆಲ್ಲಗೆ.

"ಇಲ್ಲ," ಎಂದ ಶಶಿಧರ್. ಆ ಒಂದು ಮಾತು ಎರಡರಲ್ಲಿ ಯಾವ ಪ್ರಶ್ನೆಗೆಂದು ಆಕೆಗೆ ತಿಳಿದಂತೆ ಕಾಣಲಿಲ್ಲ.

ಶ್ವೇತಾ ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೆ ಸೋಪಿನ ನೊರೆ, ಕೈಯಲ್ಲಿ ಸ್ಟೀಲ್ ಲೋಟದ ತುಂಬ ನೀರು. ಅವಳು ಮೊದಲು ನೋಡಿದ್ದು ಗೋಡೆಯ ಪಕ್ಕ, ಮಾವನ ಮಂಚ ಇದ್ದ ಜಾಗವನ್ನು. ಅಲ್ಲಿ ಪ್ಯಾಕರ್ಸಿನವರ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಆಮೇಲೆ ಲೋಟವನ್ನು ನೋಡಿದಳು. ಆಮೇಲೆ ಬಂದವರನ್ನು. ಲೋಟವನ್ನು ಟಿ.ವಿ.ಯ ಕೆಳಗಿದ್ದ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಹೋದಳು.

ಶಶಿಧರ್ ಹಿಂದೆಯೇ ಹೋದ. ಅವಳು ನಲ್ಲಿ ಬಿಟ್ಟುಕೊಂಡು, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಶ್ವೇತಾ, ಟಿ.ವಿ. ಕೊಡೋದು ಬೇಡ. ನಮ್ ಜೊತೇಲೇ ಬರ್ಲಿ. ಆಯಮ್ಮಂಗೆ ಹೇಳಿ ಕಳಿಸ್ತೀನಿ." ಅವಳು ಒಪ್ಪುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು. ಎಷ್ಟೋ ದಿನದ ಮೇಲೆ ಇಬ್ಬರೂ ಒಂದೇ ಕಡೆ ನಿಂತ ಹಾಗಿತ್ತು.

ಅವಳು ನಲ್ಲಿ ನಿಲ್ಲಿಸಿದಳು.

"ಬೇಡ ರೀ."

"ನಿಂಗೂ ನನ್ನಷ್ಟೇ ಮನಸ್ಸಲ್ಲಿದೆಯಲ್ಲ ಮತ್ತೆ."

"ಅದಕ್ಕೇ ಬೇಡ." ತಿರುಗದೆಯೇ ಹೇಳಿದಳು. "ವಾರ್ಡಲ್ಲಿ ಯಾವ ರೂಮಿಂದಾದ್ರೂ ಟಿ.ವಿ. ಜೋರಾಗಿ ಕೇಳಿದ್ರೆ ಕೈಲಿರೋದು ಬಿಟ್ಟು ಓಡ್ತೀನಿ. ಉಳಿದ ಸಿಸ್ಟರ್‌ಗಳು ನಗ್ತಾರೆ. ಪಕ್ಕದ್ಮನೆ ಕ್ರಿಕೆಟ್‌ಗೂ ಎದ್ದು ಕೂರ್ತೀನಿ. ನಿಮಗೆ ಗೊತ್ತಿಲ್ಲ, ನೀವು ಮಲಗಿರ್ತೀರಾ. ಮಾವ ಏನ್ ಕೇಳಿದ್ರು ಅಂತ ನಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ. ದಿನಾ ಹೋಗಿ ನಿಂತ್ಕೊಂಡೆ, ಗೊತ್ತಾಗ್ಲಿಲ್ಲ. ಅಲ್ಲಿಗೂ ತಗೊಂಡೋದ್ರೆ ಅಲ್ಲೂ ಓಡ್ತೀನಿ ರೀ. ನಂಗೆ ಆಗಲ್ಲ."

ಹಾಲಿನಲ್ಲಿ ಭಾಗ್ಯಜ್ಯೋತಿ ಯಾರಿಗೋ ಫೋನಿನಲ್ಲಿ, "ಚೆನ್ನಾಗಿದೆ ಕಣೇ, ಸ್ವಲ್ಪ ಕಲೆ ಇದೆ, ಅಡ್ಜಸ್ಟ್ ಮಾಡ್ಕೋಬೇಕು ನೀವು" ಎನ್ನುತ್ತಿದ್ದರು.

ಶಶಿಧರ್ ಏನೋ ಹೇಳಬೇಕೆಂದುಕೊಂಡ. ಅಪ್ಪನ ವಿಷಯ, ಎಡೆಯ ವಿಷಯ, ಆ ಕಪ್ಪು ಪರದೆಯ ವಿಷಯ. ಶ್ವೇತಾಳ ಕುತ್ತಿಗೆಯ ಹಿಂದೆ ಕೂದಲು ಬೆವರಿಗೆ ಅಂಟಿಕೊಂಡಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದು ಇವಳು ಸಮವಸ್ತ್ರ ಬದಲಾಯಿಸುವ ಮೊದಲೇ ಅಪ್ಪನ ಮಗ್ಗುಲು ಬದಲಾಯಿಸುತ್ತಿದ್ದದ್ದು ಅವನಿಗೆ ನೆನಪಾಯಿತು. ಹಾಲಿಗೆ ಬಂದು, ಗೋಡೆಯಿಂದ ಟಿ.ವಿ. ಇಳಿಸಲು ಸ್ಕ್ರೂಡ್ರೈವರ್ ಹುಡುಕಿದ.

ಕೆಳಗೆ ಲಗೇಜ್ ಆಟೋ ನಿಂತಿತ್ತು. ಶ್ವೇತಾ ತಾನೇ ಒಂದು ಹಳೆಯ ಬೆಡ್‌ಶೀಟ್ ತಂದು ಟಿ.ವಿ.ಗೆ ಸುತ್ತಿದಳು. ಮೂಲೆಗಳನ್ನು ಒಳಗೆ ಮಡಚಿ, ಮಡಿಕೆ ಬೀಳದ ಹಾಗೆ ಬಿಗಿಯಾಗಿ ಎಳೆದು, ಆಸ್ಪತ್ರೆಯ ಹಾಸಿಗೆಗೆ ಹಾಸುವ ರೀತಿಯಲ್ಲೇ. ಇಬ್ಬರೂ ಹಿಡಿದುಕೊಂಡು ಮೆಟ್ಟಿಲಿಳಿಸಿದರು. ತಿರುವಿನಲ್ಲಿ ಅವಳು, "ನಿಧಾನ, ತಲೆ ತಾಗುತ್ತೆ" ಎಂದಳು.

"ಮತ್ತೇನಾದ್ರೂ ಹೇಳೋದಿದೆಯಾ ಸಾರ್ ಇದ್ರದ್ದು?" ಭಾಗ್ಯಜ್ಯೋತಿ ಡ್ರೈವರಿನ ಪಕ್ಕ ಹತ್ತಿ ಕೂತು ಕೇಳಿದರು.

ಇತ್ತು. ಎರಡು ಸಲ ಚುಟುಕಾಗಿ ಏರಿದರೆ ಏನು, ಒಮ್ಮೆಲೇ ಏರಿದರೆ ಏನು, ಎಲ್ಲ ಇತ್ತು.

"ರಿಮೋಟಲ್ಲಿ ಸೌಂಡ್ ಬಟನ್ ಸವೆದಿದೆ ಮೇಡಂ," ಎಂದ ಶಶಿಧರ್. "ಸ್ವಲ್ಪ ಗಟ್ಟಿಯಾಗಿ ಒತ್ಬೇಕು."

"ನಮ್ ಹುಡ್ಗೀರ ಕೈಗೆ ಸಿಕ್ರೆ ಬಿಡಿ, ಗಟ್ಟಿಗೇನೂ ಕಮ್ಮಿ ಇಲ್ಲ."

ಆಟೋ ಹೊರಟಿತು. ಹಿಂದೆ ಹೂವಿನ ಚಿತ್ರದ ಬೆಡ್‌ಶೀಟಿನ ಒಂದು ತುದಿ ಬಿಚ್ಚಿಕೊಂಡು ಗಾಳಿಗೆ ಆಡುತ್ತಿತ್ತು. ತಿರುವು ಬರುವವರೆಗೆ ಶ್ವೇತಾ ಅದನ್ನೇ ನೋಡುತ್ತ ನಿಂತಳು. ಆಮೇಲೆ, ಮೆಣಸಿನಪುಡಿಯ ಪೊಟ್ಟಣಗಳು ಇನ್ನೂ ಅರ್ಧ ಉಳಿದಿವೆ ಎಂದು ಹೇಳಿ ಮೇಲೆ ಹೋದಳು.

ಸಂಜೆ ದೀಪ ಹಾಕಲು ಹಾಲಿಗೆ ಬಂದಾಗ ಶಶಿಧರ್ ಲೋಟವನ್ನು ನೋಡಿದ. ಖಾಲಿ ಗೋಡೆಯ ಮುಂದೆ, ಸ್ಟ್ಯಾಂಡಿನ ಮೇಲೆ, ಇಟ್ಟಲ್ಲೇ ಇತ್ತು. ನೀರು ಅಂಚಿನವರೆಗೆ ಹಾಗೇ ಇತ್ತು. ಅವನು ಅದನ್ನು ತೆಗೆಯಲಿಲ್ಲ. ಶ್ವೇತಾಳೂ ಎರಡು ಸಲ ಅದರ ಮುಂದೆ ಹಾದುಹೋದಳು, ತೆಗೆಯಲಿಲ್ಲ. ಇಬ್ಬರೂ ಹೊರಗೆ ಹೋಗಿ, ಎಡೆ ಇಟ್ಟ ದಿನದ ಹಾಗೆಯೇ, ಹಾಲಿನ ಬಾಗಿಲನ್ನು ಮುಂದೆ ಎಳೆದುಕೊಂಡರು.

ಸೊನ್ನೆಗೆ ಇಳಿಸಿ, ಒಂದೊಂದೇ ಏರಿಸಿ, ಅರ್ಧಕ್ಕೆ ನಿಲ್ಲಿಸಿ ಬಾಗಿಲ ಕಡೆ ನೋಡಿದರೆ ಏನೆಂದು ಅರ್ಥ, ಅದು ಇಂದಿಗೂ ಯಾರಿಗೂ ತಿಳಿಯದು. ನೀರಂತೂ ಆಗಿರಲಿಲ್ಲ.