ಗಾಜಿನ ಗುಮ್ಮಟದೊಳಗಿನ ಸುರುಳಿ

ಗಡಿಯಾರ ರಿಪೇರಿಯವನ ಮನೆಯಲ್ಲಿ ಆ ಸಂಜೆ ಎಲ್ಲರ ಕಿವಿಯೂ ರೇಡಿಯೋದ ಕಡೆಗಿತ್ತು. ಅವನ ನಾದಿನಿ ಕಡಲಾಚೆಯ ನಿಲಯವೊಂದರ ಶಾರ್ಟ್‌ವೇವ್ ಪ್ರಸಾರದಲ್ಲಿ ಮೊದಲ ಬಾರಿಗೆ ಸುದ್ದಿ ಓದುವವಳಿದ್ದಳು. ಊರು ಬಿಟ್ಟಮೇಲೆ ಮಗಳ ದನಿಯನ್ನೇ ಕೇಳದಿದ್ದ ಅತ್ತೆ ಮಧ್ಯಾಹ್ನದಿಂದಲೇ ಕುರ್ಚಿ ಹಿಡಿದಿದ್ದರು.

ಅಳಿಯನು ತಾರಸಿಯ ಮೇಲೆ ಉದ್ದನೆಯ ಆಂಟೆನಾ ತಂತಿ ಎಳೆದು, ಅದರ ತುದಿಯಿಂದ ಕೇಬಲನ್ನು ಕೋಣೆಗೆ ಇಳಿಸಿದ್ದ. ಉದ್ದ ತಂತಿಗೂ ಕೇಬಲಿಗೂ ಸ್ವಭಾವ ಕೂಡಿಬರುವುದಿಲ್ಲ. ಹೊಂದಿಸಲು ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರಕ್ಕೆ ತಾಮ್ರದ ಎಳೆಗಳನ್ನು ಸುತ್ತಿ, ಒಂದೊಂದು ಸುತ್ತನ್ನೂ ಭೂತಗನ್ನಡಿಯಲ್ಲಿ ನೋಡಿ ಅದನ್ನು ಮಾಡಿದ್ದ. ಆದರೆ ಗಡಿಯಾರದವರಿಗೆ ಧೂಳೆಂದರೆ ಹಗೆ. ಅಂಥ ನಾಜೂಕಿನ ಸುರುಳಿಯನ್ನು ಗಾಳಿ ಬಿಸಿಲಿಗೆ ಬಿಡಲು ಮನಸ್ಸು ಬಾರದೆ, ಕೇಬಲಿನ ಕೆಳತುದಿಗೆ ಜೋಡಿಸಿ, ರೇಡಿಯೋದ ಪಕ್ಕದಲ್ಲಿ ಗಡಿಯಾರ ಮುಚ್ಚುವ ಗಾಜಿನ ಗುಮ್ಮಟದೊಳಗೆ ಇರಿಸಿದ್ದ. ಈ ಕಥೆಯನ್ನು ನನಗೆ ಹೇಳಿದ ಇಬ್ಬರಲ್ಲಿ ಒಬ್ಬರು ಗುಮ್ಮಟವೆಂದರು, ಇನ್ನೊಬ್ಬರು ಬೋರಲಿಟ್ಟ ಲೋಟವೆಂದರು.

ರೇಡಿಯೋ ಹಾಕಿದರೆ ಬರೀ ಚರಚರ ಸದ್ದು.

“ಅಳಿಯಂದ್ರೇ, ನನ್ನ ಮಗಳು ಅಲ್ಲಿಗೆ ಹೋಗಿದ್ದು ಸುದ್ದಿ ಓದೋಕೆ, ಒಗ್ಗರಣೆ ಹಾಕೋಕಲ್ಲ,” ಎಂದರು ಅತ್ತೆ.

“ಪಕ್ಕದ ಹಿಟ್ಟಿನ ಗಿರಣಿ ಮೋಟಾರು ಅತ್ತೆ. ಮೇಲಿನ ತಂತಿ ಅದನ್ನ ಹಿಡೀತಿದೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಹೆಂಡತಿ ನಕ್ಕಳು. “ಆ ತಂತೀನೇ ಒಂದ್ಸಲ ಬಿಚ್ಚಿ ನೋಡ್ರೀ.”

ಅವನು ತಾರಸಿಗೆ ಹೋಗಿ ಕೇಬಲಿನಿಂದ ತಂತಿಯನ್ನು ಬಿಡಿಸಿ ಕೂಗಿದ: “ಸದ್ದು ನಿಂತಿತೇನೇ?”

“ಎಲ್ಲಿ ನಿಲ್ಲುತ್ತೆ! ಹಾಗೇ ಇದೆ!”

ತಂತಿಯಿಲ್ಲದೆಯೂ ಸದ್ದಿದೆಯೆಂದರೆ, ಗಿರಣಿಯ ಗೋಡೆ ಸವರಿಕೊಂಡು ಇಳಿದ ಕೇಬಲೇ ಅದನ್ನು ಹೊತ್ತು ತರುತ್ತಿತ್ತು. ದೂರದ ದನಿಯೋ, ತಂತಿ ಮತ್ತು ಕೇಬಲು ಸೇರುವಲ್ಲೇ ಸೊರಗುತ್ತಿತ್ತು. ಅವನು ದಡದಡನೆ ಇಳಿದು ಬಂದ.

“ತಂತಿ, ಕೇಬಲು ಅನ್ನೋ ಬೀಗರಿಬ್ಬರು ಹೊರಬಾಗಿಲಲ್ಲಿ ಮುಖ ತಿರುಗಿಸ್ಕೊಂಡು ನಿಂತಿದ್ದಾರೆ. ಹೊಂದಿಸೋನನ್ನ ನಾನು ಒಳಮನೇಲಿ ಕೂರಿಸಿದ್ದೀನಿ!”

ಗುಮ್ಮಟ ಎತ್ತುವಾಗ ಅವನ ಕೈ ಒಂದು ಕ್ಷಣ ತಡೆದು ನಿಂತಿತು. ಹೊರಗೆ ಗಾಳಿ ಧೂಳೆಬ್ಬಿಸುತ್ತಿತ್ತು. ಅತ್ತೆ ಅವನನ್ನೇ ನೋಡುತ್ತಿದ್ದರು. ಅವನು ಸುರುಳಿಯನ್ನು ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ಮೇಲೆ ಹತ್ತಿದ. ಅದರ ಒಂದು ಎಳೆಯ ಎರಡು ತುದಿಗಳಿಗೆ ತಂತಿಯನ್ನೂ, ಹಿತ್ತಲಿನಲ್ಲಿ ಹೂತ ಸರಳಿಗೆ ಮೊದಲೇ ಇಳಿಬಿಟ್ಟಿದ್ದ ಭೂತಂತಿಯನ್ನೂ, ಇನ್ನೊಂದು ಎಳೆಗೆ ಕೇಬಲನ್ನೂ ಬಿಗಿದ.

ಕೋಣೆಯಲ್ಲಿ ಗಿರಣಿಯ ಸದ್ದು ಪಕ್ಕದ ಮನೆಯ ಗೊರಕೆಯಷ್ಟಕ್ಕೆ ಇಳಿಯಿತು. ಅದರ ಮೇಲೆ ಒಂದು ಹೆಣ್ಣುದನಿ ತೇಲಿಬಂತು.

“ಗಂಟಲು ಕಟ್ಟಿದೆ ಇವಳಿಗೆ,” ಎಂದರು ಅತ್ತೆ.

“ಅಮ್ಮಾ, ಸುದ್ದಿ ಕೇಳು.”

“ತಣ್ಣೀರು ಕುಡಿದಿದ್ದಾಳೆ. ಅದಕ್ಕಿಂತ ಏನು ಸುದ್ದಿ!”

“ಬಂತೇನೇ?” ಎಂದು ತಾರಸಿಯಿಂದ ಅವನು ಕೂಗಿದ. ಉತ್ತರ ಕೊಡಹೊರಟ ಹಿರಿಮಗಳ ಬಾಯನ್ನು ಅತ್ತೆ, ರೇಡಿಯೋದಿಂದ ಕಿವಿ ಕದಲಿಸದೆ, ಅಂಗೈಯಿಂದ ಮುಚ್ಚಿದರು.